ಅನುಮಾನಕ್ಕೆ ಎರಡು ಅರ್ಥ

ಕನ್ನಡದ ದಿನಬಳಕೆಯಲ್ಲಿ ಅನುಮಾನ ಎಂದರೆ ಸಂಶಯ. ನ್ಯಾಯವೆಂಬ ತರ್ಕಶಾಸ್ತ್ರದಲ್ಲಿ ಅದೇ ಮಾತು ಅರಿವಿನ ದಾರಿ: ಬೆಟ್ಟದ ಮೇಲೆ ಹೊಗೆ ಕಂಡಿತು, ಹಾಗಾಗಿ ಅಲ್ಲಿ ಬೆಂಕಿಯಿದೆ. ಮಗುವಿನ ಮೆದುಳಿನ ಎಂಆರ್‌ಐ ಚಿತ್ರ ನೋಡಿ, ತೆಗೆದ ಗಡ್ಡೆ ಮತ್ತೆ ಬಂದೀತೇ ಎಂದು ಕಂಪ್ಯೂಟರ್ ಹೇಳಹೊರಟಾಗ ಎರಡು ಅರ್ಥಗಳೂ ಒಟ್ಟಿಗೇ ಎದುರು ನಿಲ್ಲುತ್ತವೆ.

ಅಮೆರಿಕದ ಬಾಸ್ಟನ್ನಿನಲ್ಲಿ ಇದು ನಡೆದಿದೆ. ಮಾಸ್ ಜನರಲ್ ಬ್ರಿಗಮ್, ಬಾಸ್ಟನ್ ಮಕ್ಕಳ ಆಸ್ಪತ್ರೆ ಮತ್ತು ಡೇನಾ-ಫಾರ್ಬರ್ ಸಂಸ್ಥೆಗಳ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 715 ಮಕ್ಕಳ ಸುಮಾರು 4,000 ಸ್ಕ್ಯಾನ್‌ಗಳು ಆಧಾರ. ಎಲ್ಲರಿಗೂ ಇದ್ದದ್ದು ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆ. ಎಷ್ಟೋ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಅದು ವಾಸಿಯಾಗುತ್ತದೆ, ಕೆಲವರಲ್ಲಿ ಮರಳುತ್ತದೆ. ಯಾರಲ್ಲಿ ಎಂದು ಮೊದಲೇ ಹೇಳುವುದು ಕಷ್ಟ. ಆದ್ದರಿಂದ ವರ್ಷಗಟ್ಟಲೆ ಸ್ಕ್ಯಾನ್. ಪುಟ್ಟ ಮಕ್ಕಳು ಆ ಗದ್ದಲದ ಕೊಳವೆಯಲ್ಲಿ ಅಲುಗಾಡದೆ ಮಲಗಲಾರರು. ಅನೇಕರಿಗೆ ಪ್ರತಿ ಸಲವೂ ಅರಿವಳಿಕೆ ಕೊಡಬೇಕು. ವರದಿ ಬರುವ ತನಕ ಅಪ್ಪ ಅಮ್ಮಂದಿರಿಗೆ ಅನ್ನ ಗಂಟಲಲ್ಲಿ ಇಳಿಯದು.

ಕಂಪ್ಯೂಟರಿಗೆ ಕಲಿಸಿದ ಪಾಠ ಸೊಗಸಾಗಿದೆ. ಒಂದೇ ಮಗುವಿನ ಬೇರೆ ಬೇರೆ ಕಾಲದ ಚಿತ್ರಗಳನ್ನು ಕೊಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಲು ಬಿಟ್ಟರು. ಜೋಡಿಸುತ್ತ ಜೋಡಿಸುತ್ತ ಅದು ಸಣ್ಣಪುಟ್ಟ ಬದಲಾವಣೆಗಳನ್ನು ಗುರುತಿಸಲು ಕಲಿಯಿತು. ಚಿಕಿತ್ಸೆ ಮುಗಿದು ವರ್ಷ ತುಂಬುವುದರೊಳಗೆ ಗಡ್ಡೆ ಮರಳುತ್ತದೆಯೇ ಎಂಬುದನ್ನು ಶೇ. 75ರಿಂದ 89ರಷ್ಟು ನಿಖರವಾಗಿ ಹೇಳಿತು. ಒಂದೇ ಚಿತ್ರ ನೋಡಿದಾಗ ನಿಖರತೆ ಶೇ. 50ರ ಆಸುಪಾಸು, ನಾಣ್ಯ ಚಿಮ್ಮಿದಷ್ಟೇ.

ಹಣೆಯ ಹಿಂದಿನದನ್ನು ಓದಿದ ಮಾತ್ರಕ್ಕೆ ಹಣೆಬರಹ ಓದಿದಂತಾಯಿತೇ? ಇಲ್ಲ. ಹಣೆಬರಹ ಗೊತ್ತಾದರೂ ತಿದ್ದಲು ಬಾರದು; ಇಲ್ಲಿ ಓದುವುದೇ ತಿದ್ದುವ ಆಸೆಯಿಂದ.

ತೊಡಕಿರುವುದು ಬೇರೆ ಕಡೆ. ನೈಯಾಯಿಕರು ವಾದಕ್ಕೆ ಐದು ಅಂಗ ಹೇಳಿದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ‘ಈ ಮಗುವಿನ ಗಡ್ಡೆ ಮರಳುತ್ತದೆ’ ಎಂಬ ಪ್ರತಿಜ್ಞೆಯನ್ನು ಯಂತ್ರ ಮುಂದಿಡುತ್ತದೆ. ಉದಾಹರಣೆಗಳು ಅದರ ಹೊಟ್ಟೆಯಲ್ಲಿ ಸಾವಿರಾರು. ಹೇತು, ಅಂದರೆ ಕಾರಣ, ಯಾವುದೆಂದು ಮಾತ್ರ ಬಾಯಿಬಿಡದು. ಅದು ಕಂಡದ್ದು ಮೆದುಳಿನೊಳಗಿನ ಬದಲಾವಣೆಯನ್ನೋ, ಸ್ಕ್ಯಾನರು ಬಿಟ್ಟ ಗುರುತನ್ನೋ? ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದವನನ್ನು ತರ್ಕ ಓದಿದವರು ಬಲ್ಲರು. ಒಂದು ಆಸ್ಪತ್ರೆಯಲ್ಲಿ ಪಳಗಿದ ಲೆಕ್ಕವನ್ನು ಬೇರೆ ಊರಿನ, ಬೇರೆ ಯಂತ್ರದ ಚಿತ್ರಗಳ ಮೇಲೂ ಒರೆಹಚ್ಚಬೇಕಾದದ್ದು ಇದಕ್ಕೇ.

ಹೇತು ಹೇಳಲಾರದ ಯಂತ್ರ ಕನಿಷ್ಠ ‘ಗೊತ್ತಿಲ್ಲ’ ಎನ್ನಲು ಕಲಿಯಬೇಡವೇ? ನೆದರ್ಲೆಂಡ್ಸ್‌ನಲ್ಲಿ ಒಂದು ಕಲಿತಿದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾದ ಅದರ ಹೆಸರು ‘ಸ್ಟರ್ಜನ್’. ಚಿತ್ರ ನೋಡುವುದಲ್ಲ ಅದರ ಕೆಲಸ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆಯ ಡಿಎನ್‌ಎ ಓದಿ ಅದು ಯಾವ ಬಗೆಯದೆಂದು ಹೇಳುವುದು. 25 ಶಸ್ತ್ರಚಿಕಿತ್ಸೆಗಳಲ್ಲಿ 18ರಲ್ಲಿ ಒಂದೂವರೆ ಗಂಟೆಯೊಳಗೆ ಸರಿಯಾಗಿ ಹೇಳಿತು. ಉಳಿದ ಏಳರಲ್ಲಿ ಸಾಕಷ್ಟು ಖಾತ್ರಿ ಸಿಗದೆ ತೀರ್ಪು ಕೊಡಲಿಲ್ಲ. ನಂಬಿಕೆ ಹುಟ್ಟಿಸುವುದು ಆ ಹದಿನೆಂಟಕ್ಕಿಂತ ಈ ಏಳು.

ಬಾಸ್ಟನ್ ತಂಡದ ಮುಂದೆ ಎರಡು ದಾರಿಗಳಿವೆ: ಅಪಾಯ ಕಡಿಮೆಯಿರುವ ಮಕ್ಕಳಿಗೆ ಸ್ಕ್ಯಾನ್ ಕಡಿಮೆ ಮಾಡುವುದು, ಹೆಚ್ಚಿರುವವರಿಗೆ ಮುಂಚಿತವಾಗಿಯೇ ಔಷಧ ಕೊಡುವುದು. ಮೊದಲನೆಯದರಲ್ಲೂ ಅಪಾಯವಿದೆ, ತಡವಾಗಿ ಕಂಡ ಗಡ್ಡೆ ಅಷ್ಟರಲ್ಲಿ ಬೆಳೆದಿರಬಹುದು. ಆದರೆ ತಪ್ಪು ಮುನ್ಸೂಚನೆ ನಂಬಿ, ಬೆಳೆಯುತ್ತಿರುವ ಮೆದುಳಿಗೆ ಬೇಡದ ಔಷಧ ಕೊಟ್ಟರೆ ವಾಪಸ್ ತೆಗೆಯಲಾಗದು. ಅದಕ್ಕೆ ಒಪ್ಪಿಗೆ ಕೊಡುವ ವಯಸ್ಸೂ ಆ ಮಗುವಿಗಿಲ್ಲ. ಮೊದಲ ದಾರಿಯಿಂದ ಶುರುಮಾಡುವುದೇ ಸರಿ. ಸದ್ಯ ಎರಡೂ ಯೋಚನೆಯ ಹಂತದಲ್ಲಿವೆ. ಇನ್ನಷ್ಟು ಕಡೆ ಪರೀಕ್ಷೆಯಾಗದೆ ಯಂತ್ರದ ಈ ಮುನ್ಸೂಚನೆ ಚಿಕಿತ್ಸೆಗೆ ಬರಬಾರದೆಂದು ಸಂಶೋಧಕರೇ ಹೇಳಿದ್ದಾರೆ.