ಮೊಟ್ಟೆಯನ್ನು ಮಲಗಿಸಿದ್ದು ಯಾರು?

ಎಪಿಜೆನೆಟಿಕ್ಸ್ ಎಂಬ ಪದ ಈಗ ಭಾಷಣಕಾರರ ಬಾಯಿಗೆ ಬಿದ್ದಿದೆ. ಬಸುರಿ ಕೊರಗಿದರೆ ಮಗುವಿನ ಜೀನೇ ಕೆಡುತ್ತದಂತೆ, ಏಳು ತಲೆಮಾರು ಬಿಡದಂತೆ. ಹಣೆಬರಹಕ್ಕೆ ಹೊಸ ಹೆಸರು. ತಪ್ಪು ಮಾತ್ರ ಎಂದಿನಂತೆ ತಾಯಿಯದು. ಇವರನ್ನೊಮ್ಮೆ ಶಿಡ್ಲಘಟ್ಟಕ್ಕೆ ಕರೆತರಬೇಕು.

ಇಲ್ಲಿನ ರೇಷ್ಮೆ ಹುಳುಮನೆಗಳಿಗೆ ಚಿರಪರಿಚಿತವಾದದ್ದು ಮಿಶ್ರತಳಿ: ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2ರಂಥ ದ್ವಿತಳಿ, ಅಂದರೆ ವರ್ಷಕ್ಕೆರಡು ಪೀಳಿಗೆಯ ಹುಳು. ಮೊಟ್ಟೆ ಹತ್ತು ದಿನಕ್ಕೆಲ್ಲ ಒಡೆಯುತ್ತದೆ. ಈಗ ಗಂಡು ಹೆಣ್ಣನ್ನು ಅದಲುಬದಲು ಮಾಡಿ, ತಾಯಿ ದ್ವಿತಳಿಯಾಗಲಿ. ಮೊಟ್ಟೆಯೊಳಗಿನ ಜೀನುಗಳು ಹೆಚ್ಚುಕಡಿಮೆ ಅವೇ. ಆದರೂ ಅದು ಎರಡು ಮೂರು ದಿನದಲ್ಲಿ ಕಪ್ಪಿಟ್ಟು ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಚಳಿ ಕಾಣದೆ ಏಳುವುದಿಲ್ಲ.

ದ್ವಿತಳಿ ತಾಯಿ ಇದನ್ನು ತೀರ್ಮಾನಿಸುವ ಬಗೆ ಇನ್ನೂ ಸೋಜಿಗ. ಅವಳೇ ಮೊಟ್ಟೆಯೊಳಗಿದ್ದಾಗ 25 ಡಿಗ್ರಿ ಸೆಲ್ಸಿಯಸ್ ಬಿಸಿ, ಬೆಳಕು ಕಂಡಿದ್ದರೆ ಅವಳಿಡುವ ಮೊಟ್ಟೆ ಮಲಗುತ್ತದೆ; 15 ಡಿಗ್ರಿಯ ತಂಪು, ಕತ್ತಲೆ ಕಂಡಿದ್ದರೆ ಮಲಗದು. ನಡುವೆ ಎಳೆಹುಳುವಿನ ಚಾಕಿ, ಪೊರೆ ಬಿಡುವ ನಾಲ್ಕು ಜ್ವರ, ಹಣ್ಣಾಗಿ ಗೂಡು ಕಟ್ಟುವುದು, ಎಲ್ಲ ಆಗಿಹೋಗಿರುತ್ತದೆ. ಅಷ್ಟು ದಿನ ಕಾದ ನೆನಪು, ಗೂಡಿನೊಳಗೆ ಅವಳು ಪ್ಯೂಪಾ ಆಗಿದ್ದಾಗ ಹಾರ್ಮೋನಾಗಿ ಒಸರಿ ಅಂಡಾಶಯ ಮುಟ್ಟುತ್ತದೆ.

ಹುಟ್ಟು ಒಂದು ಕಡೆ, ಸಾಕಣೆ ಒಂದು ಕಡೆ ಎಂದು ತಕ್ಕಡಿ ಹಿಡಿದ ಫ್ರಾನ್ಸಿಸ್ ಗಾಲ್ಟನ್ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಮನುಷ್ಯರ ತಳಿ ತಿದ್ದುವ ಹಂಚಿಕೆಗೆ 1883ರಲ್ಲಿ ಯೂಜೆನಿಕ್ಸ್ ಎಂದು ಹೆಸರಿಟ್ಟವನೂ ಅವನೇ. ಅವನ ತಕ್ಕಡಿಯಲ್ಲಿ ಈ ಮೊಟ್ಟೆಯನ್ನಿಟ್ಟು ನೋಡಿ. ಮೈಸೂರು ತಳಿಗೆ ಅದೇ 25 ಡಿಗ್ರಿ ಕೊಟ್ಟರೂ ಅದರ ಮೊಟ್ಟೆ ಮಲಗದು. ಹಾಗಾದರೆ ದ್ವಿತಳಿಯ ನಿದ್ದೆಯಲ್ಲಿ ಬಿಸಿಯದೆಷ್ಟಾಣೆ, ತಳಿಯದೆಷ್ಟಾಣೆ? ಮುದ್ದೆಯ ರುಚಿಯಲ್ಲಿ ಬೆಂಕಿಯದೆಷ್ಟು, ಹಿಟ್ಟಿನದೆಷ್ಟು ಎಂದು ಕೇಳಿದ ಹಾಗಾಯಿತು.

ಜೀವವಿಜ್ಞಾನಿ ವ್ಯಾಡಿಂಗ್ಟನ್ 1942ರಲ್ಲಿ ಎಪಿಜೆನೆಟಿಕ್ಸ್ ಎಂಬ ಮಾತು ಟಂಕಿಸಿದ್ದು ಜೀನಿಗೂ ಮೈಗೂ ನಡುವಿನ ಈ ವ್ಯವಹಾರಕ್ಕೇ. ಜೀನಿಗಂಟಿದ ರಾಸಾಯನಿಕ ಗುರುತು ಎಂದು ಅದರ ಅರ್ಥ ಕಿರಿದಾದದ್ದು ಆಮೇಲೆ. ಆ ಅರ್ಥವನ್ನೇ ಹಿಡಿದವರು ಹುಳುವಿನದ್ದು ಬರೀ ತಾಯಿಯ ಪ್ರಭಾವ ಅಂದಾರು, ಅನ್ನಲಿ. ನನಗೆ ಬೇಕಾದ ಭೇದ ಬೇರೆ. ತಾಯಿಯಿಂದ ಬಂದದ್ದೆಲ್ಲ ವಂಶದಲ್ಲಿ ಉಳಿಯುವುದಿಲ್ಲ. ಅವಳು ಕಂಡ ಬಿಸಿ ಅವಳ ಮೊಟ್ಟೆಗಳಿಗೆ ಮುಗಿಯಿತು. ಮಗಳು ತಾನು ಕಂಡ ಬಿಸಿ ಬೆಳಕಿನಿಂದ ಲೆಕ್ಕ ಹೊಸದಾಗಿ ಹಾಕುತ್ತಾಳೆ.

ಆ ಒಂದು ತಲೆಮಾರಿನದ್ದನ್ನೂ ಅಳಿಸಬಹುದು. ಮೊಟ್ಟೆ ತಯಾರಾಗುವ ಬಿತ್ತನೆ ಕೋಠಿಯಲ್ಲಿ, ಇಟ್ಟು ಇಪ್ಪತ್ತು ಗಂಟೆ ಆಸುಪಾಸಿನ ದ್ವಿತಳಿ ಮೊಟ್ಟೆಯನ್ನು 46 ಡಿಗ್ರಿಗೆ ಕಾಯಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ, ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸುತ್ತಾರೆ. ತಾಯಿ ಮಲಗು ಎಂದಿದ್ದ ಮೊಟ್ಟೆ ಹತ್ತು ಹನ್ನೊಂದನೇ ದಿನಕ್ಕೆ ಒಡೆದು ಎಳೆಸೊಪ್ಪು ಕೇಳುತ್ತದೆ.